ಎರಡನೆಯ ಪುಟ

ಅಲಕಾ ಮೂರು ವರ್ಷದಿಂದ ಪ್ರತಿ ತಿಂಗಳೂ ಒಂದು ಅಂಕಿಗೆ ಸಹಿ ಹಾಕುತ್ತಿದ್ದಳು. ಅದನ್ನು ಓದಿದವರು ಒಬ್ಬರೂ ಇರಲಿಲ್ಲ.

ಅವಳ ಕೆಲಸ ಕೊಲ್ಲಾಪುರದ ಗುಜರಿಯಲ್ಲಿ. ಹೆಸರು ಕೇಳಿ ಕನ್ನಡದವರು ಮೂಗು ಮುರಿಯಬೇಕಾಗಿಲ್ಲ, ಊರಿನ ಚಿನ್ನ ಬೆಳ್ಳಿಯ ಅಂಗಡಿಗಳೆಲ್ಲ ಇರುವ ಓಣಿ ಅದು. ಅಲ್ಲಿಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಲೋಹ ತಪಾಸಣೆಯ ಒಂದು ಕೋಣೆ, ಕೋಣೆಯಲ್ಲೊಂದು ಯಂತ್ರ, ಯಂತ್ರದ ಮುಂದೆ ಐವತ್ತೊಂದು ವರ್ಷದ ಅಲಕಾ. ಒಡವೆಯನ್ನು ಒಳಗಿಟ್ಟು ಮುಚ್ಚಳ ಹಾಕಿದರೆ ಯಾವ ಲೋಹ ಎಷ್ಟಿದೆ ಎಂದು ಒಂದು ನಿಮಿಷದಲ್ಲಿ ಎರಡು ಪುಟ ಬರುತ್ತಿದ್ದವು. ಮೊದಲನೆಯ ಪುಟದಲ್ಲಿ ಬೆಳ್ಳಿ ಎಷ್ಟೆಂಬುದು ದಪ್ಪಕ್ಷರದಲ್ಲಿ. ಕೊಳ್ಳುವವರು, ಮಾರುವವರು, ಕಳಿಸುವವರು ಎಲ್ಲ ನೋಡುವುದು ಅದನ್ನೇ. ಎರಡನೆಯದರಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಉಳಿದವು: ತಾಮ್ರ, ಸತು, ಸೀಸ, ಕ್ಯಾಡ್ಮಿಯಂ. ಅಲಕಾ ಎರಡಕ್ಕೂ ಸಹಿ ಹಾಕಿ ಎಡಮೂಲೆಯಲ್ಲಿ ಎರಡು ಪಿನ್ನು ಹೊಡೆಯುತ್ತಿದ್ದಳು. ಒಂದೇ ಆದರೆ ದಾರಿಯಲ್ಲಿ ಕಳಚೀತು ಎಂಬ ಅನುಮಾನ ಅವಳಿಗೆ.

ಗಡಹಿಂಗ್ಲಜ ತಾಲೂಕಿನ ನೂಲದಲ್ಲಿ ಹುಟ್ಟಿ, ಇಚಲಕರಂಜಿಯ ಮಗ್ಗದವರ ಮನೆಗೆ ಮದುವೆಯಾಗಿ ಹೋದವಳು. ಗಂಡ ತೀರಿ ಹದಿನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅತ್ತೆಮನೆಯವರು ವರ್ಷ ತುಂಬುವುದರೊಳಗೆ ಅವಳನ್ನು ಮರೆತರು. ಆಗ ಕೈ ಹಿಡಿದವನು ಅಣ್ಣ ಶಾಂತಿನಾಥ. ಹುಪರಿಯಲ್ಲಿ ಬೆಳ್ಳಿಯ ಗೆಜ್ಜೆ ಮಾಡಿಸಿ ಹೊರದೇಶಕ್ಕೆ ಕಳಿಸುವ ಅವನೇ ತಂಗಿಗೆ ಯಂತ್ರದ ಕೆಲಸ ಕಲಿಸಿ, ಪರಿಚಯದವರಿಗೆ ಹೇಳಿ, ಈ ಕುರ್ಚಿಯಲ್ಲಿ ಕೂರಿಸಿದ. ಭಾನುವಾರಕ್ಕೊಮ್ಮೆ ಅವಳು ಎಸ್‌ಟಿ ಬಸ್ಸು ಹಿಡಿದು ಹುಪರಿಗೆ ಹೋಗುತ್ತಿದ್ದಳು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಾಗಾಗಿ ಐದೂವರೆಗೆ ಎಲ್ಲರೂ ಒಟ್ಟಿಗೇ ಕೂರುತ್ತಿದ್ದರು. ಅಣ್ಣ, ಅವನ ಹೆಂಡತಿ ವೈನಿ, ಅವರ ಮಗಳು ಭಕ್ತಿ, ನಡುವೆ ಅಲಕಾಳ ತಾಟು. ಉಳಿದ ಆರು ದಿನ ಅವಳು ಒಬ್ಬಳೇ ಉಣ್ಣುತ್ತಿದ್ದಳು, ಆ ಆರು ದಿನಗಳನ್ನೂ ಈ ಒಂದು ತಾಟಿನ ಆಸೆಯಲ್ಲೇ ದೂಡುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ಹೇಳಲು ಯಾರಿದ್ದರು?

ಶಾಂತಿನಾಥನ ಗೆಜ್ಜೆಗಳು ಹೋಗಿ ಇಳಿಯುತ್ತಿದ್ದುದು ಯುರೋಪಿನ ಒಂದು ಸಣ್ಣ ದೇಶದ ಬಂದರಿನಲ್ಲಿ. ಒಮ್ಮೆ ಅಲ್ಲಿ ಒಳಗೆ ಬಿಟ್ಟರೆ ಮುಗಿಯಿತು, ಅಲ್ಲಿಂದ ಐರೋಪ್ಯ ಒಕ್ಕೂಟದ ಯಾವ ದೇಶಕ್ಕಾದರೂ ಹೋಗಬಹುದು, ಮತ್ತೆ ಯಾರೂ ಅಡ್ಡ ನಿಲ್ಲುವುದಿಲ್ಲ. ಒಕ್ಕೂಟದ ಇಪ್ಪತ್ತೇಳು ದೇಶಗಳೂ ಕೂಡಿ ಒಪ್ಪಿದ ನಿಯಮವೊಂದಿದೆ: ಮೈಗೆ ತಾಗುವ ಒಡವೆಯಲ್ಲಿ ಕ್ಯಾಡ್ಮಿಯಂ ಎಂಬ ಲೋಹ ನೂರು ಗ್ರಾಮಿಗೆ ಒಂದು ಗ್ರಾಮಿನ ನೂರನೇ ಪಾಲನ್ನು ಮುಟ್ಟಬಾರದು. ನಿಯಮ ಮಾಡುವುದು ಒಕ್ಕೂಟ, ಬಾಗಿಲಲ್ಲಿ ನಿಂತು ನೋಡಬೇಕಾದದ್ದು ಆಯಾ ದೇಶ. ಇಪ್ಪತ್ತೇಳು ಅಣ್ಣತಮ್ಮಂದಿರು ಒಂದು ಮಾತಿಗೆ ತಲೆಯಾಡಿಸಿದರೆ ಮುಂದೇನಾಗುತ್ತದೆ ಎಂಬುದು ಕೂಡುಕುಟುಂಬದಲ್ಲಿ ಬೆಳೆದವರಿಗೆ ಗೊತ್ತೇ ಇದೆ. ಕೆಲವರು ಮಾತಿನಂತೆ ನಡೆಯುತ್ತಾರೆ, ಕೆಲವರು ಹೌದು ಹೌದು ಎಂದು ಹೇಳಿ ಮಗ್ಗಲು ಬದಲಿಸಿ ಮಲಗುತ್ತಾರೆ. ಆ ಸಣ್ಣ ದೇಶ ಮಲಗಿತ್ತು.

ಇನ್ನು ಈ ಕ್ಯಾಡ್ಮಿಯಂ ಗೆಜ್ಜೆಯೊಳಗೆ ಬಂದದ್ದು ಹೇಗೆಂದರೆ, ಒಳ್ಳೆಯತನದಿಂದ ಬಂತು. ಹುಪರಿಯಲ್ಲಿ ಒಂದು ಗೆಜ್ಜೆ ಹತ್ತು ಮನೆ ಸುತ್ತುತ್ತದೆ. ಒಬ್ಬರು ತಂತಿ ಎಳೆದರೆ ಇನ್ನೊಬ್ಬರು ಕೊಂಡಿ ಬಾಗಿಸುತ್ತಾರೆ, ಮತ್ತೊಬ್ಬರು ಬೆಸುಗೆ ಹಾಕುತ್ತಾರೆ. ಶಾಂತಿನಾಥನ ಬೆಸುಗೆಯೆಲ್ಲ ತಾತೋಬಾನದು. ಅಜ್ಜನ ಕಾಲದಲ್ಲಿ ಚಿಕ್ಕೋಡಿ ಕಡೆಯಿಂದ ಬಂದ ಮನೆತನ, ಅರವತ್ತರ ಮೇಲಾದರೂ ನಡುಗದ ಕೈ. ಮೊದಲ ಸಲ ಹೊರದೇಶದ ಆರ್ಡರು ಬಂದಾಗ ಶಾಂತಿನಾಥ ಹೇಳಿದ್ದು ಇಷ್ಟೇ: ಎಲ್ಲಕ್ಕಿಂತ ಒಳ್ಳೆಯ ಬೆಸುಗೆ ಹಾಕಬೇಕು. ಊರ ಹೆಂಗಸರ ಗೆಜ್ಜೆಗೆ ತಾತೋಬಾ ಹಾಕುತ್ತಿದ್ದುದು ತಾಮ್ರ ಸತುವಿನ ಸಾದಾ ಬೆಸುಗೆ. ಹೊರದೇಶಕ್ಕೆ ಅದು ಸಲ್ಲದು ಎಂದು ಅವನು ಕೆಡಿಎಂ ತಂದ. ಕೆಡಿಎಂ ಎಂದರೆ ಅಸಲಿ ಎಂದು ಚಿನ್ನದಂಗಡಿಯ ಹಲಗೆಗಳನ್ನು ಓದಿಕೊಂಡು ಬೆಳೆದ ನಾಡು ನಮ್ಮದು. ಆ ಮೂರಕ್ಷರದೊಳಗೆ ಕೂತಿರುವುದು ಕ್ಯಾಡ್ಮಿಯಂ ಎಂದು ಅವನಿಗೆ ಯಾರು ಹೇಳಬೇಕು? ದಿನದ ಸಾದಾ ಬೆಸುಗೆಯನ್ನೇ ಹಾಕಿ ಕಳಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಯಂತ್ರ ಮೊದಲ ತಿಂಗಳೇ ಅದನ್ನು ಹಿಡಿದಿತ್ತು. ಬೆಸುಗೆಯ ಜಾಗದಲ್ಲಿ ನೂರಕ್ಕೆ ನಾಲ್ಕೂವರೆ. ಅಲಕಾ ಹೇಳಿದಾಗ ಅಣ್ಣ, ಕೆಡಿಎಂ ಅಲ್ಲವೇ, ಒಳ್ಳೆಯದೇ ಆಯಿತು ಎಂದ. ಅವಳಿಗೂ ಹಾಗೇ ಅನ್ನಿಸಿತು. ಒಕ್ಕೂಟದ ನಿಯಮ ಅವಳ ಕಣ್ಣಿಗೆ ಬಿದ್ದದ್ದು ಒಂದು ವರ್ಷದ ಮೇಲೆ, ಇಪ್ಪತ್ತಮೂರನೇ ಇಸವಿಯ ಜೂನಿನಲ್ಲಿ. ಕಾಸಿದಾಗ ಬರುವ ಹೊಗೆ ಎದೆಗೂ ಮೂತ್ರಪಿಂಡಕ್ಕೂ ವಿಷ ಎಂಬುದನ್ನೂ ಅವಳು ಅದೇ ವಾರ ಓದಿದಳು. ಮತ್ತೆ ಅಣ್ಣನಿಗೆ ಹೇಳಿದಳು. ಅವನು ನಕ್ಕ. ಮಾಲು ಪ್ರತಿ ತಿಂಗಳೂ ದಾಟಿ ಹೋಗುತ್ತಿದೆ, ನಿಯಮ ನಿಜವಾಗಿದ್ದರೆ ತಡೆಯುತ್ತಿರಲಿಲ್ಲವೇ, ಎರಡನೇ ಪುಟದಲ್ಲಿ ನೀನೇ ಬರೆದು ಕಳಿಸಿದ್ದೀಯಲ್ಲ, ಓದುವವರು ಓದಿಕೊಳ್ಳಲಿ ಎಂದ. ಆ ಮಾತು ಅಲಕಾಳಿಗೆ ಹಿತವಾಗಿ ಕಂಡಿತು. ಬರೆದಿದ್ದೇನೆ, ನನ್ನ ಕೆಲಸ ಮುಗಿಯಿತು ಎಂದು ಅವಳು ಇನ್ನೆರಡು ವರ್ಷ ಬರೆಯುತ್ತಲೇ ಹೋದಳು. ಬರೆಯುವುದು ಬೇರೆ, ಹೇಳುವುದು ಬೇರೆ ಎಂದು ಗೊತ್ತಿಲ್ಲದ ದಡ್ಡಿಯಲ್ಲ ಅವಳು. ಗೊತ್ತಿಲ್ಲದವಳ ಹಾಗೆ ಇದ್ದಳು.

ಈ ವರ್ಷದ ಜೂನಿನಲ್ಲಿ ಒಕ್ಕೂಟದ ಬೇರೊಂದು ದೇಶ ತನ್ನ ಅಂಗಡಿಯೊಂದರಲ್ಲಿ ಈ ಗೆಜ್ಜೆಗಳನ್ನು ಹಿಡಿಯಿತು. ಎಲ್ಲಿಂದ ಒಳಬಂದವು ಎಂದು ಹುಡುಕಿದಾಗ ಸಣ್ಣ ದೇಶದ ಬಂದರು ಸಿಕ್ಕಿತು. ಒಕ್ಕೂಟ ಆ ದೇಶಕ್ಕೆ ನೋಟಿಸು ಕೊಟ್ಟಿತು: ಕೂಡಿ ಮಾಡಿದ ನಿಯಮವನ್ನು ನೀವು ನಡೆಸುತ್ತಿಲ್ಲ, ಉತ್ತರ ಕೊಡಿ, ಇಲ್ಲವಾದರೆ ನ್ಯಾಯಾಲಯಕ್ಕೆ ಎಳೆಯುತ್ತೇವೆ. ಮಲಗಿದ್ದ ದೇಶ ಗಡಬಡಿಸಿ ಎದ್ದು ಕೂತು ಕಡತ ತೆಗೆಯಿತು. ಕಡತದಲ್ಲಿ ಮೂವತ್ತಾರು ತಿಂಗಳ ವರದಿಗಳಿದ್ದವು, ಅಲಕಾಳ ಸಹಿಯೊಂದಿಗೆ.

ಆ ಭಾನುವಾರ ಊಟಕ್ಕೆ ಕೂತಾಗ ಅಣ್ಣ ಮೊಬೈಲಿನಲ್ಲಿ ಪತ್ರ ತೋರಿಸಿದ. ನಮ್ಮ ಕಡತದಲ್ಲಿ ಪ್ರತಿ ವರದಿಯದೂ ಒಂದೇ ಪುಟವಿದೆ, ಎರಡನೆಯ ಪುಟ ಆಗ ತಯಾರಾಗಿಯೇ ಇರಲಿಲ್ಲವೆಂದಾದರೆ ದಯವಿಟ್ಟು ಹಾಗೆಂದು ಬರೆದು, ಒಂದೇ ಪುಟದ ವರದಿಗಳನ್ನು ಹೊಸದಾಗಿ ಸಹಿ ಮಾಡಿ ಕಳಿಸಿ ಎಂದು ಆ ಸಣ್ಣ ದೇಶದ ಕಚೇರಿ ಕೇಳಿತ್ತು. ಜೊತೆಗೆ ತಮ್ಮಲ್ಲಿರುವ ಪ್ರತಿಗಳ ಚಿತ್ರ. ಅಲಕಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಎಡಮೂಲೆಯಲ್ಲಿ ಪಿನ್ನು ಕಿತ್ತ ಎರಡು ಜೋಡಿ ತೂತುಗಳಿದ್ದವು.

ಪುಟ ಕಳೆದಿರಲಿಲ್ಲ, ಯಾರೋ ಕಿತ್ತಿದ್ದರು. ತಾವು ಓದಲೇ ಇಲ್ಲ ಎಂದು ಒಕ್ಕೂಟದ ಮುಂದೆ ಒಪ್ಪಿಕೊಳ್ಳುವುದಕ್ಕಿಂತ, ಓದಲು ಏನೂ ಬಂದಿರಲಿಲ್ಲ ಎನ್ನುವುದು ಆ ದೇಶಕ್ಕೆ ಸುಲಭವಿತ್ತು. ಅಣ್ಣನಿಗೂ ಅದೇ ಬೇಕಿತ್ತು. ಏಳು ಸಮುದ್ರದ ಆಚೆಯ ಒಂದು ಸರಕಾರ ಮತ್ತು ಹುಪರಿಯ ಶಾಂತಿನಾಥ, ಇಬ್ಬರೂ ಒಂದೇ ಸುಳ್ಳಿಗಾಗಿ ಅವಳ ಕೈ ನೋಡುತ್ತಿದ್ದರು.

ಅಣ್ಣ ಗದರಲಿಲ್ಲ. ಅವಳ ಅನ್ನದ ಮೇಲೆ ಒಂದು ಚಮಚ ತುಪ್ಪ ಹಾಕಿದ.

"ಒಂದ ಪುಟಕ್ಕ ಸಹಿ ಮಾಡ, ಸಾಕ" ಎಂದ. "ಅವರಿಗೂ ಅದ ಬೇಕಾಗೇತಿ, ನಮಗೂ ಅದ ಬೇಕಾಗೇತಿ. ಯಾರಿಗೆ ನಷ್ಟ ಐತಿ ಹೇಳ. ಹೋದ ಮಾಲ ಹೋತ. ಇಲ್ಲಿ ನಾಲ್ವತ್ತ ಮನಿ ಈ ಕೆಲಸದ ಮ್ಯಾಲ ಉಣ್ಣಾಕತ್ತಾವ."

"ಇದ್ದದ್ದ ಇಲ್ಲಾ ಅಂತ ಹ್ಯಾಂಗ ಬರೀಲಿ ಅಣ್ಣಾ?"

"ಇಷ್ಟ ದಿನ ಬರದಿ. ಯಾರ ಓದ್ಯಾರ?"

ವೈನಿ ಮೆಲ್ಲಗೆ, ಮನೆಯ ಮಾತು ಮನೆಯೊಳಗೇ ಇರಲಿ ಎಂದರು. ಭಕ್ತಿ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಅಲಕಾ ಒಂದು ವಾರ ಸಮಯ ಕೇಳಿದಳು. ಈ ಮನೆಯಲ್ಲಿ ತನ್ನ ತಾಟು ಉಳಿಯುವುದೋ ಹೋಗುವುದೋ ಆ ವಾರದೊಳಗೆ ತೀರ್ಮಾನವಾಗಬೇಕಿತ್ತು, ಮತ್ತು ಅದು ಅಲ್ಲಿ ಕೂತ ನಾಲ್ವರಿಗೂ ತಿಳಿದಿತ್ತು.

ನಿಜ ಹೇಳಬೇಕೆಂದರೆ ಅವಳು ಸಹಿ ಹಾಕುವವಳೇ ಇದ್ದಳು. ಬುಧವಾರದವರೆಗೆ ಮನಸ್ಸನ್ನು ಅದಕ್ಕೇ ಒಗ್ಗಿಸಿಕೊಂಡಿದ್ದಳು. ಆದರೆ ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಆ ಪದಾರ್ಥ ಈಗಲೂ ಬಳಕೆಯಲ್ಲಿದೆಯೇ? ಅದಕ್ಕೆ ಇಲ್ಲ ಎಂದಾದರೂ ನಿಜ ಬರೆಯೋಣ, ತಾತೋಬಾನಿಗೆ ಹೇಳಿ ಬೆಸುಗೆ ಬದಲಿಸಿಬಿಡೋಣ ಎಂದು ಗುರುವಾರ ರಜೆ ಹಾಕಿ ಅವಳು ಅವನ ಮನೆಗೆ ಹೋದಳು. ಮೂರು ವರ್ಷದಲ್ಲಿ ಅವನ ಹೊಸ್ತಿಲು ತುಳಿದದ್ದು ಅದೇ ಮೊದಲು. ಅಣ್ಣನ ಮನೆಯಿಂದ ಎರಡು ಓಣಿ ಆಚೆ, ಅಷ್ಟೇ.

ತಾತೋಬಾ ನೆಲದ ಮೇಲೆ ಕೂತು ಬೆಸುಗೆ ಹಾಕುತ್ತಿದ್ದ. ಗಾಳಿ ಬಂದರೆ ಉರಿ ಅಲುಗುತ್ತದೆ ಎಂದು ಕಿಟಕಿ ಮುಚ್ಚಿತ್ತು. ಬಾಯಿಗೊಂದು ಟವೆಲು ಸುತ್ತಿಕೊಂಡಿದ್ದ. ಅವಳನ್ನು ಕಂಡು ಅವನಿಗೆ ಆದ ಸಂತೋಷ ನೋಡುವಂತಿತ್ತು. ಹೆಂಡತಿ ಧೊಂಡುಬಾಯಿಯನ್ನು ಕೂಗಿ ಚಹಾ ಇಡಿಸಿದ. ಕೇಳದೆಯೇ ಕೆಡಿಎಂ ಡಬ್ಬಿ ತೆಗೆದು ತೋರಿಸಿದ. ಮಾತಿನ ನಡುವೆ ಕೆಮ್ಮು ಬಂದರೆ ಗೋಡೆಗೆ ಕೈ ಕೊಟ್ಟು, ಅದು ಹೋಗುವವರೆಗೆ ಕಣ್ಣು ಮುಚ್ಚಿ ಕಾಯುತ್ತಿದ್ದ.

"ಊರ ಮಂದಿಗೆ ಸಾದಾ ನಡೀತೈತ್ರಿ ಅಕ್ಕಾರ" ಎಂದ. "ಹೊರದೇಶದವರ ಕಾಲಿಗೆ ಹಲಕಾ ಮಾಲ ಹಾಕಬಾರ್ದು. ನಮ್ಮ ಹೆಸರ ಹೋಗತೈತಿ."

ಅಲಕಾ ಚಹಾದ ಕಪ್ಪು ಕೆಳಗಿಟ್ಟಳು.

"ಕಾಕಾ, ಇನ್ನ ಮ್ಯಾಲ ಇದನ್ನ ಹಾಕಬ್ಯಾಡ್ರಿ. ಇದರ ಹೊಗಿ ವಿಷ ಐತಿ. ನಿಮ್ಮ ಕೆಮ್ಮ ಇದರಿಂದನ ಇರಬೇಕ."

ಅವನು ನಂಬದವನಂತೆ ಡಬ್ಬಿಯನ್ನು ನೋಡಿದ, ಅವಳನ್ನು ನೋಡಿದ. ಉರಿ ಆರಿಸಿದ. ಟವೆಲನ್ನು ಬಿಚ್ಚಿ ಮಡಿಚಿ ಮೊಣಕಾಲ ಮೇಲೆ ಇಟ್ಟುಕೊಂಡ.

"ನಿಮಗ ಯಾವಾಗ ಗೊತ್ತಾತ್ರಿ?"

"ಎರಡ ವರ್ಷದ ಮ್ಯಾಲಾತು."

ತಾತೋಬಾ ಎದ್ದು ಕಿಟಕಿ ತೆರೆದ. ಅವನು ಬೈದಿದ್ದರೆ ಅಲಕಾ ತಡೆದುಕೊಳ್ಳಬಹುದಾಗಿತ್ತು. ಓದದ ದೇಶಕ್ಕೆ ತಪ್ಪದೆ ಬರೆದಿದ್ದಳು, ಎರಡು ಓಣಿಯ ಆಚೆ ಕೂತು ಉಸಿರಾಡುತ್ತಿದ್ದವನಿಗೆ ಒಂದು ಮಾತು ಹೇಳಿರಲಿಲ್ಲ.

ಶುಕ್ರವಾರ ಅವಳು ಯಂತ್ರದ ನೆನಪಿನಿಂದ ಮೂವತ್ತಾರು ವರದಿಗಳನ್ನೂ ಹೊರತೆಗೆದು, ಎರಡೂ ಪುಟ ಕೂಡಿಸಿ, ಸಹಿ ಮಾಡಿ, ಇವು ಆಗಲೇ ಬಂದಿದ್ದವು, ನಿಮ್ಮ ಪ್ರತಿಗಳಲ್ಲಿ ಪಿನ್ನಿನ ತೂತುಗಳಿವೆ ಎಂದು ಬರೆದು ಕಳಿಸಿದಳು. ಪತ್ರದ ಅಡಿಯಲ್ಲಿ ಒಕ್ಕೂಟದ ಕಚೇರಿಯ ವಿಳಾಸವೂ ಇತ್ತು. ಅಲ್ಲಿಗೂ ಒಂದು ಪ್ರತಿ ಹೋಯಿತು. ಕಳಿಸಿದ ಮೇಲೆ ಅಣ್ಣನಿಗೆ ಫೋನು ಮಾಡಿ ಹೇಳಿದಳು. ಅವನು "ಆತು" ಎಂದು ಫೋನು ಇಟ್ಟ.

ಮುಂದಿನದೆಲ್ಲ ಬೇಗ ಬೇಗ ಆಯಿತು. ಮಾಲು ನಿಂತಿತು. ಸಣ್ಣ ದೇಶ ಒಕ್ಕೂಟದ ಮುಂದೆ ತಪ್ಪು ಒಪ್ಪಿಕೊಂಡು, ಬಂದರಿನಲ್ಲಿ ಒಡವೆ ನೋಡಲೆಂದೇ ಇಬ್ಬರನ್ನು ಹೊಸದಾಗಿ ನೇಮಿಸಿತು. ಒಕ್ಕೂಟ ನೋಟಿಸನ್ನು ಹಿಂತೆಗೆದುಕೊಂಡಿತು. ಆಗಸ್ಟಿನಲ್ಲಿ ಅಲಕಾಳಿಗೆ ಒಕ್ಕೂಟದಿಂದ ನಾಲ್ಕು ಸಾಲಿನ ಪತ್ರ ಬಂತು: ಸದಸ್ಯ ದೇಶ ಈಗ ನಿಯಮಕ್ಕೆ ಬದ್ಧವಾಗಿದೆ, ನಿಮ್ಮ ಸಹಕಾರಕ್ಕೆ ವಂದನೆಗಳು. ಹುಪರಿ ಎಂಬ ಊರಿನ ಹೆಸರು ಅದರಲ್ಲಿರಲಿಲ್ಲ, ಬೆಸುಗೆ ಹಾಕುವವರ ಮಾತಂತೂ ಇರಲೇ ಇಲ್ಲ. ಅಲ್ಲಿಯವರ ಕಾಲು ಕಾಯುವ ನಿಯಮ ಅದು, ಅಲ್ಲಿಯ ಮಟ್ಟಿಗೆ ನೆರವೇರಿತು.

ಅಣ್ಣನಿಗೆ ಫೋನು ಮಾಡಿದ ಆ ವಾರದ ಭಾನುವಾರ ಅವಳು ಎಂದಿನಂತೆ ಹೋದಳು. ಐದು ಗಂಟೆಗೇ ತಲುಪಿದರೂ ಎಲ್ಲರ ಊಟ ಆಗಿತ್ತು. ವೈನಿ ಅವಳೊಬ್ಬಳಿಗೇ ಬಡಿಸಿದರು, ಬೇಕು ಬೇಡ ಕೇಳಿದರು, ಏನೂ ಕೊರತೆ ಮಾಡಲಿಲ್ಲ. ಅಣ್ಣ ಒಳಕೋಣೆಯಲ್ಲಿ ಟಿವಿ ನೋಡುತ್ತಿದ್ದ. ಮುಂದಿನ ವಾರ ನಾಲ್ಕೂವರೆಗೆ ಹೋದಳು. ಅಂದೂ ಊಟ ಮುಗಿದಿತ್ತು. ಮೂರನೇ ವಾರದಿಂದ ಅವಳು ಹೋಗುವುದನ್ನು ಬಿಟ್ಟಳು, ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಭಾನುವಾರ ಸಂಜೆ ಗುಜರಿಯ ಅಂಗಡಿಗಳು ಮುಚ್ಚಿರುತ್ತವೆ. ಅವಳು ಆ ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದು, ಬೆಳಕಿರುವಾಗಲೇ ಉಂಡು, ಪಾತ್ರೆ ತೊಳೆದಿಟ್ಟು, ಏಳು ಗಂಟೆಗೆ ಇನ್ನೇನು ಮಾಡುವುದೆಂದು ತಿಳಿಯದೆ ಕೂತಿರುತ್ತಿದ್ದಳು. ಇಷ್ಟೊಂದು ಒಬ್ಬಂಟಿಯಾಗಿರಲು ಸಾಧ್ಯ ಎಂದು ಗಂಡ ಸತ್ತಾಗಲೂ ಅವಳಿಗೆ ಗೊತ್ತಿರಲಿಲ್ಲ.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಬಂತು. ಹತ್ತು ದಿನದ ವ್ರತ ಮುಗಿದ ಮೇಲೆ ಒಂದು ದಿನ ಎಲ್ಲರೂ ಎಲ್ಲರ ಮನೆಗೆ ಹೋಗಿ, ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೈ ಮುಗಿಯುತ್ತಾರೆ. ವೈರವಿದ್ದವರು ಕೂಡ ಅಂದು ಬಾಗಿಲಿಗೆ ಬರುತ್ತಾರೆ. ಅಲಕಾ ಬೆಳಿಗ್ಗೆಯೇ ಮನೆ ಒರೆಸಿ, ಎರಡು ಹೊಸ ಕಪ್ಪು ತೆಗೆದಿಟ್ಟು ಕಾದಳು. ಹತ್ತೂವರೆಗೆ ಶಾಂತಿನಾಥ ಬಂದ. ಚಪ್ಪಲಿ ಬಿಡಲಿಲ್ಲ. ಹೊಸ್ತಿಲ ಆಚೆಯೇ ನಿಂತು ಕೈ ಜೋಡಿಸಿದ.

"ಉತ್ತಮ ಕ್ಷಮಾ. ತಿಳಿದೋ ತಿಳಿಯದೋ ನಿಮ್ಮ ಮನಸ್ಸಿಗೆ ನೋವ ಮಾಡಿದ್ರ ಕ್ಷಮಿಸ್ರಿ."

ಹುಟ್ಟಿದಾಗಿನಿಂದ ನೀನು ಎಂದೇ ಕರೆದ ಅಣ್ಣ ಅವನು. ಅಲಕಾ ಕೈ ಮುಗಿದು ಅದೇ ಮಾತನ್ನು ಅವನಿಗೆ ಹೇಳಿದಳು. ಒಳಗೆ ಬಾ ಎಂದಳು. ಇನ್ನೂ ಹದಿನೈದು ಮನೆ ಇವೆ ಎಂದು ಅವನು ಮೆಟ್ಟಿಲು ಇಳಿದ.

ಅವಳು ಒಳಗೆ ಬಂದು ಸೀರೆ ಬದಲಿಸಿದಳು. ಚೀಲದಲ್ಲಿ ವರದಿಗಳ ಕಟ್ಟು ಹಾಕಿಕೊಂಡು ಹುಪರಿಯ ಬಸ್ಸು ಹತ್ತಿದಳು. ತಾತೋಬಾ ತನ್ನ ಕೆಮ್ಮನ್ನು ಡಾಕ್ಟರಿಗೆ ತೋರಿಸುವುದಾದರೆ ಕಾಗದ ಬೇಕಾಗುತ್ತದೆ ಎಂಬುದು ಅವಳು ತನಗೆ ತಾನು ಕೊಟ್ಟುಕೊಂಡ ಕಾರಣ.

ತಾತೋಬಾ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ. ಹೊರದೇಶದ ಮಾಲು ನಿಂತ ಮೇಲೆ ಕೆಲಸ ಕಡಿಮೆಯಾಗಿತ್ತು, ಅವನ ಕೆಮ್ಮು ಕಡಿಮೆಯಾಗಿರಲಿಲ್ಲ. ಅಲಕಾ ಅಂಗಳದಲ್ಲೇ ನಿಂತು ಕೈ ಜೋಡಿಸಿ ಕ್ಷಮೆ ಕೇಳಿದಳು. ಅವನು ಬುದ್ಧನ ಪಟ ಇಟ್ಟುಕೊಂಡ ಮನೆಯವನು, ಅವನಿಗೆ ಈ ವ್ರತವೂ ಇಲ್ಲ, ಅದಕ್ಕೆ ಹೇಳಬೇಕಾದ ಉತ್ತರವೂ ಗೊತ್ತಿಲ್ಲ. ಅವಳ ಜೋಡಿಸಿದ ಕೈಗಳನ್ನು ಬಹಳ ಹೊತ್ತು ನೋಡಿದ.

"ಕ್ಷಮಾ ಆಮ್ಯಾಲ ನೋಡೂಣ್ರಿ" ಎಂದ. "ಮೊದಲ ಆ ಕಾಗದದಾಗ ಏನ ಬರದೀರಿ, ಓದಿ ಹೇಳ್ರಿ."

ಅವಳು ಜಗಲಿಯ ಅಂಚಿನಲ್ಲಿ ಕೂತಳು. ಮೊದಲ ಪುಟಗಳನ್ನು ತಿರುವಿ ಹಾಕಿ ಎರಡನೆಯದನ್ನೇ ಓದತೊಡಗಿದಳು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡುತ್ತ. ತಾರೀಕು, ತಾಮ್ರ ಇಷ್ಟು, ಸತು ಇಷ್ಟು, ಕ್ಯಾಡ್ಮಿಯಂ ನಾಲ್ಕೂವರೆ. ತಾರೀಕು, ಕ್ಯಾಡ್ಮಿಯಂ ನಾಲ್ಕು ಚಿಲ್ಲರೆ. ಧೊಂಡುಬಾಯಿ ಬಂದು ಬಾಗಿಲಲ್ಲಿ ಕೂತಳು. ತಾತೋಬಾ ಒಂದೊಂದು ತಿಂಗಳಿಗೂ ತಲೆಯಾಡಿಸುತ್ತಿದ್ದ, ತಾನು ಮಾಡಿದ ಕೆಲಸವನ್ನು ಗುರುತು ಹಿಡಿಯುವವನಂತೆ. ಓದಿ ಓದಿ ಅವಳು ಇಪ್ಪತ್ತಮೂರನೇ ಇಸವಿಯ ನವೆಂಬರಿಗೆ ಬಂದಳು.

"ದೀಪಾವಳಿ ಹಿಂದಮುಂದ ಅಲ್ರಿ ಅದು?" ಎಂದು ತಾತೋಬಾ ತಡೆದ. "ಆ ತಿಂಗಳ ನಾ ಮಾಡಿಲ್ರಿ. ನನಗ ಚಿಕೂನ್‌ಗುನ್ಯಾ ಆಗಿತ್ತ, ಕೈ ಮಡಚಾಕ ಬರತಿದ್ದಿಲ್ಲ. ಸೊಸಿ ಕೂತಿದ್ಳು."

ಒಳಗಿನಿಂದ ಸೊಸೆ ಮೋನಾಲಿ ಹೊರಗೆ ಬಂದು ನಿಂತಳು. ಅವಳ ಸೊಂಟದ ಮೇಲೆ ಒಂದೂವರೆ ವರ್ಷದ ಹೆಣ್ಣುಮಗು ಇತ್ತು, ಹೊಸಬಳನ್ನು ಕಂಡು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು.

"ಆವಾಗ ಅಕಿ ಬಸರಿದ್ಳು, ಐದ ತಿಂಗಳಾಗಿತ್ರಿ" ಎಂದ ತಾತೋಬಾ.

ಆ ನವೆಂಬರಿಗೆ ಅಲಕಾಳಿಗೆ ಎಲ್ಲ ಗೊತ್ತಾಗಿ ಐದು ತಿಂಗಳಾಗಿತ್ತು. ಅವಳು ಮಗುವಿನ ಕಡೆ ನೋಡಲಾರದೆ ಕಾಗದದ ಕಡೆ ನೋಡಿದಳು. ಯಾರೂ ಎದ್ದು ಹೋಗಲಿಲ್ಲ.

"ಮುಂದ ಓದ್ರಿ" ಎಂದಳು ಮೋನಾಲಿ.

ಅಲಕಾ ಓದಿದಳು.